ಬ್ರೌನಿಗೆ ಕೋಕೋ ಪುಡಿಯೇ ಸಾಕು, ಕಾರಣ ಇಲ್ಲಿದೆ

ಬ್ರೌನಿ ಮಾಡೋಣ ಅಂದ ಕೂಡಲೇ ತುಂಬಾ ಜನ ಚಾಕೊಲೇಟ್ ಗಟ್ಟಿ ತರಲು ಅಂಗಡಿಗೆ ಹೊರಡುತ್ತಾರೆ. ಮನೆಯಲ್ಲಿ ಕೋಕೋ ಪುಡಿ ಇದ್ದರೂ ಅದನ್ನು ಕೇಕಿಗೆ ಎತ್ತಿಡುತ್ತಾರೆ. ಪುಡಿಯಿಂದ ಮಾಡಿದ್ದು ಏನಿದ್ದರೂ ಎರಡನೇ ದರ್ಜೆ ಎಂಬ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ನನಗೆ ಇದು ಒಪ್ಪಿಗೆಯಿಲ್ಲ. ಸರಿಯಾಗಿ ಮಾಡಿದರೆ ಪುಡಿಯ ಬ್ರೌನಿಯಲ್ಲಿ ಕೋಕೋ ರುಚಿ ಎದ್ದು ಕಾಣುತ್ತದೆ. ನಡುಭಾಗ ಮೆತ್ತಗೆ ಉಳಿಯುತ್ತದೆ. ಮೇಲೆ ಕಾಗದದಷ್ಟು ತೆಳುವಾದ ಹೊಳೆಯುವ ಪದರವೂ ಬರುತ್ತದೆ. ಖರ್ಚು ಕಡಿಮೆ ಅನ್ನುವುದು ಆಮೇಲಿನ ಮಾತು.

ಇದು ಯಾಕೆ ಹೀಗೆ ಎಂದು ಗೊತ್ತಾಗಬೇಕಾದರೆ, ಪುಡಿಯಲ್ಲಿ ಏನಿದೆ ಮತ್ತು ಏನಿಲ್ಲ ಎಂದು ತಿಳಿದಿರಬೇಕು.

ಬೀಜದಿಂದ ಪುಡಿಯವರೆಗೆ

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಓಡಾಡಿದವರು ಕೋಕೋ ಗಿಡ ನೋಡಿರುತ್ತೀರಿ. ಅಡಿಕೆಯ ನೆರಳಲ್ಲಿ ಬೆಳೆಯುವ ಗಿಡ್ಡ ಮರ ಅದು. ಕಾಯಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಹಣ್ಣು ಒಡೆದರೆ ಒಳಗೆ ಬಿಳಿ ತಿರುಳು ಸುತ್ತಿಕೊಂಡ ಬೀಜಗಳು. ತಿರುಳನ್ನು ಚೀಪಿದರೆ ಸಿಹಿ, ಸ್ವಲ್ಪ ಹುಳಿ. ಬೀಜ ಕಚ್ಚಿದರೆ ಮಾತ್ರ ಕಹಿ ಮತ್ತು ಒಗರು. ಚಾಕೊಲೇಟಿನ ವಾಸನೆ ಆ ಹಸಿ ಬೀಜದಲ್ಲಿ ಇರುವುದೇ ಇಲ್ಲ.

ವಾಸನೆ ಹುಟ್ಟುವ ಕೆಲಸ ಶುರುವಾಗುವುದು ಬೀಜವನ್ನು ಹುಳಿ ಬರಿಸಿದಾಗ. ತಿರುಳಿನ ಸಮೇತ ಬೀಜಗಳನ್ನು ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ರಾಶಿ ಹಾಕಿ, ನಡುನಡುವೆ ತಿರುವುತ್ತಾ ಐದಾರು ದಿನ ಬಿಡುತ್ತಾರೆ. ತಿರುಳಿನ ಸಕ್ಕರೆಯನ್ನು ಯೀಸ್ಟ್ ಮೊದಲು ಆಲ್ಕೋಹಾಲ್ ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಅದನ್ನು ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವಾಗಿ ಬದಲಿಸುತ್ತವೆ. ರಾಶಿ ಬಿಸಿಯಾಗುತ್ತದೆ. ಬಿಸಿ ಮತ್ತು ಹುಳಿ ಎರಡೂ ಬೀಜದೊಳಗೆ ಇಳಿದು ಅದರ ಪ್ರೋಟೀನ್, ಸಕ್ಕರೆಗಳನ್ನು ಒಡೆಯುತ್ತವೆ. ಬೀಜವನ್ನು ಒಣಗಿಸಿ ಹುರಿದಾಗ ಆ ಚೂರುಗಳೆಲ್ಲ ಸೇರಿ ನಮಗೆ ಗೊತ್ತಿರುವ ಪರಿಮಳ ಕೊಡುತ್ತವೆ. ಹುಳಿಯ ಒಂದು ಪಾಲು ಮಾತ್ರ ಕೊನೆಯವರೆಗೂ ಉಳಿದುಕೊಳ್ಳುತ್ತದೆ. ಈ ಹುಳಿಯ ವಿಷಯ ಮುಂದೆ ಬೇಕಾಗುತ್ತದೆ.

ಹುರಿದ ಬೀಜದ ಸಿಪ್ಪೆ ತೆಗೆದು ಅರೆದರೆ ನೀರಿನಂತೆ ಹರಿಯುವ ಹಿಟ್ಟು ಆಗುತ್ತದೆ. ನೀರು ಹಾಕಿದ್ದಕ್ಕಲ್ಲ, ಬೀಜದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಬ್ಬೇ ಇರುವುದಕ್ಕೆ. ಅದೇ ಕೋಕೋ ಬೆಣ್ಣೆ. 1828ರಲ್ಲಿ ಡಚ್ಚರ ನಾಡಾದ ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನ ವಾನ್ ಹೌಟೆನ್ ಕುಟುಂಬ ಈ ಹಿಟ್ಟನ್ನು ಒತ್ತಿ ಕೊಬ್ಬು ಹಿಂಡುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಕೊಬ್ಬು ಹೋದ ಮೇಲೆ ಉಳಿದ ಗಟ್ಟಿ ಹಿಂಡಿಯನ್ನು ಪುಡಿ ಮಾಡಿದರೆ ಕೋಕೋ ಪುಡಿ. ಇಂದಿಗೂ ದಾರಿ ಅದೇ. ಸಾಧಾರಣ ಪುಡಿಯಲ್ಲಿ ನೂರಕ್ಕೆ 10ರಿಂದ 12 ಭಾಗ ಕೊಬ್ಬು ಉಳಿದಿರುತ್ತದೆ. ದುಬಾರಿ ಪುಡಿಗಳಲ್ಲಿ 20ರಿಂದ 24 ಭಾಗದವರೆಗೂ ಇರುತ್ತದೆ.

ನಾವು ತಿನ್ನುವ ಚಾಕೊಲೇಟ್ ಗಟ್ಟಿ ಬಂದಿದ್ದು ಇದಾದ ಮೇಲೆ. ಹಿಂಡಿ ತೆಗೆದ ಕೋಕೋ ಬೆಣ್ಣೆಯನ್ನು ಕೋಕೋ ಮತ್ತು ಸಕ್ಕರೆಗೆ ಮತ್ತೆ ಬೆರೆಸಿ, ಅಚ್ಚಿಗೆ ಸುರಿದು ಇಂಗ್ಲೆಂಡಿನ ಬ್ರಿಸ್ಟಲ್‌ನ ಫ್ರೈ ಕಂಪನಿ 1847ರಲ್ಲಿ ಚಾಕೊಲೇಟ್ ಗಟ್ಟಿ ತಯಾರಿಸಿತು. ಅಂದರೆ ಪುಡಿ ಗಟ್ಟಿಯ ಬಡ ತಮ್ಮನಲ್ಲ. ವಯಸ್ಸಿನಲ್ಲಿ ಅದೇ ಅಣ್ಣ.

ನಮ್ಮಲ್ಲೂ ಇದೆಲ್ಲ ದೂರದ ಕಥೆಯಲ್ಲ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ, ಆಮೇಲೆ ರೈತರಿಂದ ಕೋಕೋ ಬೀಜವನ್ನೂ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಅಡಿಕೆ ತೋಟದ ಬೀಜ ಪುಡಿಯಾಗಲು ಊರು ಬಿಟ್ಟು ಹೋಗಬೇಕಿಲ್ಲ ಎನ್ನುವುದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಗಟ್ಟಿ ಬಿಟ್ಟು ಪುಡಿ ಯಾಕೆ?

ಚಾಕೊಲೇಟ್ ಗಟ್ಟಿಯಲ್ಲಿ ಮೂರು ಸಾಮಾನು ಒಟ್ಟಿಗೆ ಬರುತ್ತವೆ: ಕೋಕೋ, ಕೋಕೋ ಬೆಣ್ಣೆ, ಸಕ್ಕರೆ. ಎಷ್ಟೆಷ್ಟು ಎಂದು ಕಂಪನಿ ಮೊದಲೇ ತೀರ್ಮಾನಿಸಿರುತ್ತದೆ. ಪುಡಿಯಲ್ಲಿ ಬರುವುದು ಹೆಚ್ಚುಕಡಿಮೆ ಕೋಕೋ ಮಾತ್ರ. ಕೊಬ್ಬು ಯಾವುದು, ಸಕ್ಕರೆ ಎಷ್ಟು ಎನ್ನುವುದು ನಮ್ಮ ಕೈಯಲ್ಲಿ. ಬ್ರೌನಿಯ ಮಟ್ಟಿಗೆ ಈ ಸ್ವಾತಂತ್ರ್ಯ ದೊಡ್ಡದು.

ಮೊದಲು ಕೊಬ್ಬನ್ನೇ ನೋಡಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಂಪಿದ್ದರೆ ಕಲ್ಲಿನ ಹಾಗೆ ಗಟ್ಟಿ. ಚಾಕೊಲೇಟ್ ಗಟ್ಟಿ ಹಾಕಿ ಮಾಡಿದ ಬ್ರೌನಿ ಆರಿದ ಮೇಲೆ ಬಿಗಿಯಾಗುವುದು ಇದರಿಂದ. ಹಾಲಿನ ಬೆಣ್ಣೆಯ ಗುಣ ಬೇರೆ. ಅದು ಒಮ್ಮೆಗೇ ಕರಗುವುದಿಲ್ಲ, ತಂಪಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುತ್ತಾ ಬರುತ್ತದೆ. ನಮ್ಮ ಮನೆಗಳ ಸಾಮಾನ್ಯ ಬಿಸಿಗೆ ಅದು ಮೃದುವಾಗಿಯೇ ಇರುತ್ತದೆ. ಪುಡಿಯ ಬ್ರೌನಿಯಲ್ಲಿ ಇರುವ ಕೊಬ್ಬು ಬಹುಪಾಲು ಈ ಬೆಣ್ಣೆಯೇ. ಹಾಗಾಗಿ ಮರುದಿನವೂ ಅದು ಮೆತ್ತಗಿರುತ್ತದೆ.

ರುಚಿಯ ಮಾತೂ ಇದೆ. ಕೋಕೋದ ಕಹಿ, ಒಗರು, ಪರಿಮಳ ಬಹುಪಾಲು ಇರುವುದು ಕೊಬ್ಬಿಲ್ಲದ ಭಾಗದಲ್ಲಿ. 80 ಗ್ರಾಂ ಪುಡಿ ಹಾಕಿದರೆ ಅದರಲ್ಲಿ 70 ಗ್ರಾಮಿನಷ್ಟು ಇದೇ ಭಾಗ. ಅಷ್ಟೇ ತೂಕದ ಗಟ್ಟಿಯಲ್ಲಿ ಇದು ತೀರಾ ಕಡಿಮೆ, ಉಳಿದದ್ದು ಕೊಬ್ಬು ಮತ್ತು ಸಕ್ಕರೆ.

ಇನ್ನೊಂದು ಕಾರಣ ನಮ್ಮ ಅಂಗಡಿಗಳಿಗೆ ಸಂಬಂಧಿಸಿದ್ದು. ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ 'ಡಾರ್ಕ್ ಕಾಂಪೌಂಡ್' ಎಂಬ ಗಟ್ಟಿ ಧಾರಾಳವಾಗಿ ಸಿಗುತ್ತದೆ. ಇದನ್ನೇ ಚಾಕೊಲೇಟ್ ಅಂದುಕೊಂಡು ತರುವವರು ತುಂಬಾ ಜನ. ಪೊಟ್ಟಣದ ಹಿಂದೆ ಅಚ್ಚು ಮಾಡಿದ ಪಟ್ಟಿ ಓದಿ ನೋಡಿ. ಸಕ್ಕರೆ, ಸಸ್ಯಜನ್ಯ ಕೊಬ್ಬು, ಆಮೇಲೆ ಕೋಕೋ ಪುಡಿ ಎಂದಿರುತ್ತದೆ. ಕೋಕೋ ಬೆಣ್ಣೆಯ ಜಾಗದಲ್ಲಿ ತಾಳೆಯಂಥ ಎಣ್ಣೆಯಿಂದ ಮಾಡಿದ ಕೊಬ್ಬು ಕೂತಿದೆ. ಅಂದರೆ ಕಾಂಪೌಂಡ್ ಕರಗಿಸಿ ಬ್ರೌನಿ ಮಾಡುವವರು ಕೋಕೋ ಪುಡಿಯನ್ನೇ ಬಳಸುತ್ತಿದ್ದಾರೆ. ಅದೂ ಕಡಿಮೆ ಪ್ರಮಾಣದಲ್ಲಿ, ಬೇರೆಯವರು ಆರಿಸಿದ ಕೊಬ್ಬಿನ ಜೊತೆ. ಅದರ ಬದಲು ಒಳ್ಳೆಯ ಪುಡಿ ಮತ್ತು ಒಳ್ಳೆಯ ಬೆಣ್ಣೆ ತಂದರೆ ಬ್ರೌನಿ ಎಷ್ಟೋ ಪಾಲು ಚೆನ್ನಾಗಿರುತ್ತದೆ, ಅಲ್ವಾ? ಕಾಂಪೌಂಡಿಗೆ ಅದರದ್ದೇ ಕೆಲಸವಿದೆ. ಕೇಕಿನ ಮೇಲೆ ಅಲಂಕಾರಕ್ಕೆ ಅದು ಸುಲಭ. ಬ್ರೌನಿಯ ಒಳಗೆ ಅದರ ಅಗತ್ಯವಿಲ್ಲ.

ಡಬ್ಬಿ ಕೊಳ್ಳುವಾಗ ಒಂದು ಎಚ್ಚರ ಇರಲಿ. ಹಾಲಿಗೆ ಬೆರೆಸುವ ಡ್ರಿಂಕಿಂಗ್ ಚಾಕೊಲೇಟ್ ಬೇರೆ, ಕೋಕೋ ಪುಡಿ ಬೇರೆ. ಮೊದಲನೆಯದರಲ್ಲಿ ಬಹುಪಾಲು ಸಕ್ಕರೆ. ಅದನ್ನು ಹಾಕಿದರೆ ಅಳತೆಯೆಲ್ಲ ಕೆಡುತ್ತದೆ. 'ಸಿಹಿ ಇಲ್ಲದ್ದು' ಎಂದು ಬರೆದಿರುವುದನ್ನೇ ತನ್ನಿ.

ತಿಳಿ ಬಣ್ಣವೋ, ಕಪ್ಪು ಬಣ್ಣವೋ

ಪುಡಿಯಲ್ಲಿ ಎರಡು ಬಗೆ. ಹಿಂಡಿಯನ್ನು ಹಾಗೇ ಪುಡಿ ಮಾಡಿದ್ದು ನ್ಯಾಚುರಲ್ ಕೋಕೋ. ತಿಳಿ ಕಂದು ಬಣ್ಣ, ಹುಳಿ ಮಿಶ್ರಿತ ಚುರುಕು ರುಚಿ. ಹುಳಿಯ ಅಳತೆಯಾದ ಪಿಎಚ್ (7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 5ರಿಂದ 6ರ ನಡುವೆ. ಇನ್ನೊಂದು, ಪೊಟ್ಯಾಸಿಯಂ ಕಾರ್ಬೊನೇಟ್‌ನಂಥ ಕ್ಷಾರ ಸೇರಿಸಿ ಆ ಹುಳಿಯನ್ನು ಇಳಿಸಿದ್ದು. ಇದೂ ವಾನ್ ಹೌಟೆನ್ ಮನೆಯಿಂದಲೇ ಬಂದ ವಿಧಾನ, ಅದಕ್ಕೇ ಡಚ್ ಕೋಕೋ ಎಂಬ ಹೆಸರು. ಪಿಎಚ್ 7ರ ಆಸುಪಾಸು. ಬಣ್ಣ ಗಾಢ, ರುಚಿ ಮೃದು. ಡಬ್ಬಿಯ ಮೇಲೆ ಡಚ್ ಎಂದು ಬರೆಯದಿದ್ದರೂ ಗುರುತಿಸಬಹುದು. ಸಾಮಾನುಗಳ ಪಟ್ಟಿಯಲ್ಲಿ ಆಮ್ಲೀಯತೆ ನಿಯಂತ್ರಕ ಎಂದೋ, ಆಹಾರಕ್ಕೆ ಬೆರೆಸುವ ವಸ್ತುಗಳ ಸಂಕೇತವಾದ ಐಎನ್‌ಎಸ್ 500, 501 ಅಥವಾ 525 ಎಂದೋ ಇದ್ದರೆ ಅದು ಕ್ಷಾರ ಹಾಕಿದ ಪುಡಿ.

ಕೇಕಿನಲ್ಲಿ ಈ ವ್ಯತ್ಯಾಸ ತುಂಬಾ ಮುಖ್ಯ. ಅಡುಗೆ ಸೋಡಾ ಉಬ್ಬಬೇಕಾದರೆ ಹುಳಿ ಬೇಕು. ನ್ಯಾಚುರಲ್ ಕೋಕೋ ಆ ಹುಳಿಯನ್ನು ಕೊಡುತ್ತದೆ, ಡಚ್ ಕೋಕೋ ಕೊಡುವುದಿಲ್ಲ. ಹುಳಿ ಸಿಗದ ಸೋಡಾ ಕೇಕಿಗೆ ಸೋಪಿನ ರುಚಿ ತರುತ್ತದೆ. ಆದರೆ ಮೆತ್ತನೆಯ ಬ್ರೌನಿಗೆ ಸೋಡಾವೇ ಬೇಡ, ಬೇಕಿಂಗ್ ಪೌಡರೂ ಬೇಡ. ಅದು ಉಬ್ಬಬಾರದು, ದಟ್ಟವಾಗಿಯೇ ಇರಬೇಕು. ಹಾಗಾಗಿ ಯಾವ ಪುಡಿ ಹಾಕಿದರೂ ನಡೆಯುತ್ತದೆ. ಬಣ್ಣ, ರುಚಿ ಮಾತ್ರ ಬದಲಾಗುತ್ತದೆ. ನನಗೆ ನ್ಯಾಚುರಲ್ ಪುಡಿಯ ಬ್ರೌನಿಯೇ ಇಷ್ಟ. ಬ್ರೌನಿಯಲ್ಲಿ ಸಕ್ಕರೆ ಬೇಕಾದಷ್ಟು ಇರುತ್ತದೆ, ಆ ಸಿಹಿಗೆ ಸ್ವಲ್ಪ ಹುಳಿ ಜೊತೆಯಾದರೆ ಬಾಯಿಗೆ ಬೇಸರ ಬರುವುದಿಲ್ಲ.

ಅಳತೆ ಮತ್ತು ಅದರ ಹಿಂದಿನ ಲೆಕ್ಕ

20 ಸೆಂಟಿಮೀಟರ್ ಚೌಕದ ಒಂದು ತಟ್ಟೆಗೆ: ಬೆಣ್ಣೆ 150 ಗ್ರಾಂ, ಸಕ್ಕರೆ 220 ಗ್ರಾಂ, ಕೋಕೋ ಪುಡಿ 80 ಗ್ರಾಂ, ಮೈದಾ 60 ಗ್ರಾಂ, ಮೊಟ್ಟೆ 2, ಕಾಲು ಚಮಚ ಉಪ್ಪು, ಸ್ವಲ್ಪ ವೆನಿಲ್ಲಾ. ಮೊಟ್ಟೆ ಚಿಕ್ಕದಿದ್ದರೆ ಇನ್ನೊಂದರ ಹಳದಿ ಸೇರಿಸಿ. ಉಪ್ಪಿರುವ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಕಪ್ಪಿನ ಲೆಕ್ಕ ಬೇಡ, ತೂಕವೇ ಇರಲಿ. ಕೋಕೋ ಪುಡಿ ತುಂಬಾ ಹಗುರ. ಅದೇ ಕಪ್ಪಿಗೆ ಸಡಿಲವಾಗಿ ತುಂಬಿದರೆ ಒಂದು ತೂಕ, ಅದುಮಿ ತುಂಬಿದರೆ ಇನ್ನೊಂದು. ಬ್ರೌನಿ ಒಂದು ಸಲ ಚೆನ್ನಾಗಿ, ಇನ್ನೊಂದು ಸಲ ಒಣಒಣ ಆಗುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಮೈದಾ ಇಷ್ಟು ಕಡಿಮೆ ಯಾಕೆ ಎಂದು ಅನ್ನಿಸಬಹುದು. ಕೋಕೋ ಪುಡಿಯಲ್ಲಿ ಪಿಷ್ಟವೂ ನಾರೂ ಇದೆ. ಎರಡೂ ನೀರು ಹೀರುತ್ತವೆ. ಹಾಗಾಗಿ 80 ಗ್ರಾಂ ಪುಡಿ ರುಚಿಯನ್ನಷ್ಟೇ ಕೊಡುವುದಿಲ್ಲ, ಹಿಟ್ಟಿನ ಕೆಲಸವನ್ನೂ ಮಾಡುತ್ತದೆ. ಚಾಕೊಲೇಟ್ ಗಟ್ಟಿಯ ಪಾಕವಿಧಾನದಲ್ಲಿ ಗಟ್ಟಿ ತೆಗೆದು ಅಷ್ಟೇ ತೂಕದ ಪುಡಿ ಹಾಕಿದರೆ ಬ್ರೌನಿ ಮರಳಿನಂತಾಗುವುದು ಇದಕ್ಕೇ. ಪುಡಿ ಹಾಕಿದಾಗ ಕೊಬ್ಬು ಹೆಚ್ಚಬೇಕು, ಮೈದಾ ಇಳಿಯಬೇಕು. ಸಿಹಿಯಿಲ್ಲದ ಗಟ್ಟಿಗೆ ಬದಲಾಗಿ ಪುಡಿ ಹಾಕಲು ಒಂದು ಹಳೆಯ ಲೆಕ್ಕವಿದೆ: 28 ಗ್ರಾಂ ಗಟ್ಟಿಗೆ ಮೂರು ದೊಡ್ಡ ಚಮಚ ಪುಡಿ ಮತ್ತು ಒಂದು ದೊಡ್ಡ ಚಮಚ ಬೆಣ್ಣೆ.

ಮೈದಾ ಇಷ್ಟು ಕಡಿಮೆ ಇರುವುದರಿಂದ ಇನ್ನೊಂದು ಅನುಕೂಲವಿದೆ. ಅದರ ಜಾಗದಲ್ಲಿ ರಾಗಿ ಹಿಟ್ಟನ್ನು ಧೈರ್ಯವಾಗಿ ಹಾಕಬಹುದು. ಬ್ರೌನಿಯನ್ನು ಹಿಡಿದಿಡುವ ಕೆಲಸ ಹೆಚ್ಚಾಗಿ ಮೊಟ್ಟೆಯದ್ದು, ಮೈದಾದ ಅಂಟು ಪ್ರೋಟೀನ್ ಆದ ಗ್ಲುಟೆನ್‌ನದ್ದಲ್ಲ. ರಾಗಿಯ ಹುರಿದಂಥ ಪರಿಮಳ ಕೋಕೋಗೆ ಬಹಳ ಚೆನ್ನಾಗಿ ಹೊಂದುತ್ತದೆ. ನುಣ್ಣಗೆ ಜರಡಿ ಹಿಡಿದ ಹಿಟ್ಟು ಬಳಸಿ. ಬೇಯಿಸುವ ಮೊದಲು ಹತ್ತು ನಿಮಿಷ ಬಿಟ್ಟರೆ ಅದು ನೀರು ಕುಡಿದು ಮೆತ್ತಗಾಗುತ್ತದೆ.

ಹೊಳೆಯುವ ಪದರ ಎಲ್ಲಿಂದ ಬರುತ್ತದೆ?

ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ ಸಕ್ಕರೆಯಲ್ಲಿದೆ. ಮೊಟ್ಟೆಯ ನೀರಿನಲ್ಲಿ ಸಕ್ಕರೆ ಪೂರ್ತಿ ಕರಗಬೇಕು. ಒಲೆಯ ಬಿಸಿಗೆ ಮೇಲ್ಭಾಗದ ನೀರು ಆರಿದಾಗ ಕರಗಿದ ಸಕ್ಕರೆ ಮತ್ತು ಮೊಟ್ಟೆಯ ಪ್ರೋಟೀನ್ ಸೇರಿ ನಯವಾದ ತೆಳು ಪೊರೆ ಕಟ್ಟುತ್ತದೆ. ನಯವಾದ ಮೇಲ್ಮೈ ಹೊಳೆಯುತ್ತದೆ. ಕರಗದ ಹರಳು ಉಳಿದಿದ್ದರೆ ಮೇಲ್ಮೈ ಒರಟಾಗಿ ಮಂಕಾಗುತ್ತದೆ.

ಚಾಕೊಲೇಟ್ ಗಟ್ಟಿಯಲ್ಲಿರುವ ಸಕ್ಕರೆಯನ್ನು ಕಾರ್ಖಾನೆಯಲ್ಲೇ ತುಂಬಾ ನುಣ್ಣಗೆ ಅರೆದಿರುತ್ತಾರೆ. ಹಾಗಾಗಿ ಅಲ್ಲಿ ಹೊಳಪು ಸುಲಭವಾಗಿ ಬರುತ್ತದೆ. ಪುಡಿಯಲ್ಲಿ ಆ ಕೆಲಸ ನಾವೇ ಮಾಡಬೇಕು. ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ. ವಿದೇಶಿ ಪಾಕವಿಧಾನಗಳು ಇದಕ್ಕಿಂತ ಸಣ್ಣ ಹರಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಸಣ್ಣ ರವೆಯಷ್ಟು ಮಾಡಿಕೊಳ್ಳಿ. ಅಂಗಡಿಯ ಐಸಿಂಗ್ ಸಕ್ಕರೆ ಬೇಡ. ಅದರಲ್ಲಿ ಬೆರೆಸಿರುವ ಜೋಳದ ಪಿಷ್ಟ ಹೊಳಪನ್ನು ಕೆಡಿಸುತ್ತದೆ.

ಇನ್ನು ಕಲಸುವ ಕ್ರಮ. ಬೆಣ್ಣೆ, ಸಕ್ಕರೆ, ಕೋಕೋ, ಉಪ್ಪು ನಾಲ್ಕನ್ನೂ ಒಂದು ಪಾತ್ರೆಗೆ ಹಾಕಿ. ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು, ಬೆರಳಿಟ್ಟರೆ ಬೇಗ ತೆಗೆಯಬೇಕು ಅನ್ನಿಸುವಷ್ಟು ಬಿಸಿ ಮಾಡಿ. ಬಿಸಿ ಕೊಬ್ಬಿನಲ್ಲಿ ಕೋಕೋದ ಗಂಟುಗಳು ಒಡೆದು ಪರಿಮಳ ಬಿಚ್ಚಿಕೊಳ್ಳುತ್ತದೆ. ಈ ಹಂತದಲ್ಲಿ ಮಿಶ್ರಣ ಒರಟೊರಟಾಗಿ, ಎಣ್ಣೆ ಬಿಟ್ಟಂತೆ ಕಾಣುತ್ತದೆ. ಹೆದರಬೇಡಿ, ಸಕ್ಕರೆ ಕರಗಲು ಬೇಕಾದಷ್ಟು ನೀರು ಅಲ್ಲಿ ಇನ್ನೂ ಇಲ್ಲ. ಸ್ವಲ್ಪ ಆರಿದ ಮೇಲೆ, ಉಗುರುಬೆಚ್ಚಗಿಂತ ತುಸು ಜಾಸ್ತಿ ಇರುವಾಗ, ಮೊಟ್ಟೆಗಳನ್ನು ಒಂದೊಂದಾಗಿ ಹಾಕಿ ಜೋರಾಗಿ ಕಲಸಿ. ಹಳದಿಯಲ್ಲಿರುವ ಲೆಸಿಥಿನ್ ಕೊಬ್ಬನ್ನೂ ನೀರನ್ನೂ ಒಂದುಗೂಡಿಸುತ್ತದೆ. ಕಣ್ಣೆದುರೇ ಮಿಶ್ರಣ ದಪ್ಪಗಾಗಿ, ರೇಷ್ಮೆಯಂತೆ ಹೊಳೆಯತೊಡಗುತ್ತದೆ. ತುಂಬಾ ಬಿಸಿಯಿದ್ದಾಗ ಹಾಕಿದರೆ ಮಾತ್ರ ಮೊಟ್ಟೆ ಬೆಂದು ಗಂಟಾಗುತ್ತದೆ. ಮೊಟ್ಟೆ ಹಾಕಿದ ಮೇಲೂ ಎಣ್ಣೆ ಬೇರೆಯಾಗಿ ನಿಂತರೆ ಒಂದು ಚಮಚ ಬಿಸಿನೀರು ಹಾಕಿ ತಿರುವಿ, ಕೂಡಿಕೊಳ್ಳುತ್ತದೆ.

ಕೊನೆಗೆ ಮೈದಾ. ಕೇಕಿಗೆ ಮೈದಾ ಹಾಕಿದ ಮೇಲೆ ಮೆಲ್ಲಗೆ ಕಲಸಬೇಕು ಎಂಬ ನಿಯಮ ಇಲ್ಲಿ ಅಷ್ಟು ಬಿಗಿಯಲ್ಲ. ಸಕ್ಕರೆ ಮತ್ತು ಕೊಬ್ಬು ಇಷ್ಟಿರುವಾಗ ಗ್ಲುಟೆನ್ ಜಾಸ್ತಿ ಬೆಳೆಯಲು ಆಗುವುದಿಲ್ಲ. ಸ್ವಲ್ಪ ಹೊತ್ತು ಗಟ್ಟಿಯಾಗಿ ಕಲಸಿದರೆ ಅಗಿಯಲು ಹಿತವಾದ ಬಿಗಿ ಬರುತ್ತದೆ. ಗಾಳಿ ತುಂಬಿಸುವ ಮೆಷಿನ್ ಬೇಡ, ಮರದ ಸೌಟು ಸಾಕು. ಗಾಳಿ ತುಂಬಿದಷ್ಟೂ ಬ್ರೌನಿ ಕೇಕಿನ ಕಡೆ ವಾಲುತ್ತದೆ.

ಒಂದು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಸೇರಿಸಿ ನೋಡಿ. ಕಾಫಿಯ ರುಚಿ ಬೇರೆಯಾಗಿ ಗೊತ್ತಾಗುವುದಿಲ್ಲ. ಆದರೆ ಎರಡೂ ಹುರಿದ ಬೀಜಗಳು, ಪರಿಮಳದಲ್ಲಿ ನೆಂಟಸ್ತಿಕೆ ಇದೆ. ಕೋಕೋ ಇನ್ನಷ್ಟು ಗಾಢವಾಗಿ ರುಚಿಸುತ್ತದೆ.

ಬೇಯಿಸುವುದು

ಓವನ್ 165 ಡಿಗ್ರಿಗೆ ಕಾಯಿಸಿ. ಸುಮಾರು 22ರಿಂದ 28 ನಿಮಿಷ. ಆದರೆ ಗಡಿಯಾರಕ್ಕಿಂತ ಕಡ್ಡಿಯನ್ನು ನಂಬಿ. ಮನೆಯ ಸಣ್ಣ ಓಟಿಜಿಗಳಲ್ಲಿ (ಮೇಜಿನ ಮೇಲಿಡುವ ಕರೆಂಟ್ ಓವನ್) ಗುಂಡಿಯ ಮೇಲಿನ ಅಂಕಿಗೂ ಒಳಗಿನ ಬಿಸಿಗೂ ಹೊಂದಾಣಿಕೆ ಕಡಿಮೆ. ಒಂದು ಓವನ್ ಥರ್ಮಾಮೀಟರ್ ಇದ್ದರೆ ಎಲ್ಲ ಬೇಕಿಂಗೂ ಸುಧಾರಿಸುತ್ತದೆ. ಕಡ್ಡಿ ಚುಚ್ಚಿದಾಗ ಒದ್ದೆ ಚೂರುಗಳು ಅಂಟಿಕೊಂಡು ಬರಬೇಕು. ಹಸಿ ಹಿಟ್ಟು ಬಂದರೆ ಇನ್ನೂ ಬೇಯಬೇಕು. ಕಡ್ಡಿ ಸ್ವಚ್ಛವಾಗಿ ಬಂದರೆ ಆಗಲೇ ತಡವಾಗಿದೆ. ಸಕ್ಕರೆ ಜಾಸ್ತಿ ಇರುವಾಗ ಮೊಟ್ಟೆ ಗಟ್ಟಿಯಾಗಲೂ, ಪಿಷ್ಟ ಬೇಯಲೂ ಹೆಚ್ಚಿನ ಬಿಸಿ ಬೇಕು. ಆದ್ದರಿಂದಲೇ ನಡುಭಾಗ ಅಷ್ಟು ಹೊತ್ತು ಸಡಿಲವಾಗಿ ಕಾಣುತ್ತದೆ. ಹೊರಗೆ ತೆಗೆದ ಮೇಲೂ ತಟ್ಟೆಯ ಬಿಸಿಗೆ ಅದು ಬೇಯುತ್ತಲೇ ಇರುತ್ತದೆ.

ಅಲ್ಯೂಮಿನಿಯಂ ತಟ್ಟೆ ಒಳ್ಳೆಯದು. ಗಾಜಿನ ಪಾತ್ರೆ ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಅದರಲ್ಲಿ ನಡುಭಾಗ ಬೇಯುವಷ್ಟರಲ್ಲಿ ಅಂಚು ಒಣಗಿರುತ್ತದೆ.

ಓವನ್ ಇಲ್ಲದವರು ಕುಕ್ಕರ್‌ನಲ್ಲೂ ಮಾಡುತ್ತಾರೆ. ಗ್ಯಾಸ್ಕೆಟ್, ವಿಶಲ್ ತೆಗೆದು, ನೀರು ಹಾಕದೆ, ತಳದಲ್ಲಿ ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ. ಬ್ರೌನಿ ಮೆತ್ತಗೆ, ರುಚಿಯಾಗಿಯೇ ಬರುತ್ತದೆ. ಆದರೆ ಮೇಲಿನಿಂದ ಬಿಸಿ ಇಲ್ಲ, ಹಬೆಯೂ ಒಳಗೇ ಸುತ್ತುತ್ತದೆ. ಪದರ ಒಣಗಲು ಅವಕಾಶವಿಲ್ಲದ ಕಾರಣ ಹೊಳಪು ಮಾತ್ರ ಬರುವುದು ಕಷ್ಟ.

ಮೊಟ್ಟೆ ಬೇಡ ಅನ್ನುವವರಿಗೆ

ಮೊಟ್ಟೆ ಇಲ್ಲಿ ಮೂರು ಕೆಲಸ ಮಾಡುತ್ತದೆ: ನೀರು ಕೊಡುವುದು, ಕೊಬ್ಬನ್ನು ಬೆರೆಸುವುದು, ಬೆಂದಾಗ ಹಿಡಿದಿಡುವುದು. ಒಂದೇ ಸಾಮಾನಿನಿಂದ ಮೂರನ್ನೂ ತುಂಬಲು ಆಗುವುದಿಲ್ಲ. 120 ಗ್ರಾಂ ಗಟ್ಟಿ ಮೊಸರು ಹಾಕಿ, ಮೈದಾವನ್ನು 90 ಗ್ರಾಮಿಗೆ ಏರಿಸಿ, ಕಾಲು ಚಮಚ ಅಡುಗೆ ಸೋಡಾ ಸೇರಿಸಿ. ಮೊಸರಿನ ಹುಳಿ ಇರುವುದರಿಂದ ಇಲ್ಲಿ ಯಾವ ಕೋಕೋ ಆದರೂ ಸೋಡಾ ಕೆಲಸ ಮಾಡುತ್ತದೆ. ಮೊಟ್ಟೆಯ ಹಿಡಿತ ಇಲ್ಲದ ಕಾರಣ ಮೈದಾ ಜಾಸ್ತಿ ಬೇಕಾಯಿತು, ಸ್ವಲ್ಪ ಹಗುರವಾಗಲಿ ಎಂದು ಸೋಡಾ ಬಂತು. ಇದು ಕೇಕಿನ ಕಡೆ ತುಸು ವಾಲಿದ ಬ್ರೌನಿ. ಕಾಗದದಂಥ ಪದರ ಇದಕ್ಕೆ ಬರುವುದಿಲ್ಲ, ರುಚಿಗೆ ಮಾತ್ರ ಏನೂ ಕಡಿಮೆಯಿಲ್ಲ.

ಬೆಣ್ಣೆಯ ಬದಲು ತುಪ್ಪ ಹಾಕಬಹುದೇ? ಹಾಕಬಹುದು. ಬೆಣ್ಣೆಯಲ್ಲಿ ನೂರಕ್ಕೆ 80 ಭಾಗದಷ್ಟು ಮಾತ್ರ ಕೊಬ್ಬು, ಉಳಿದದ್ದು ಬಹುಪಾಲು ನೀರು. ತುಪ್ಪ ಪೂರ್ತಿ ಕೊಬ್ಬು. 120 ಗ್ರಾಂ ತುಪ್ಪ, ಎರಡು ದೊಡ್ಡ ಚಮಚ ನೀರು ಎಂದರೆ ಲೆಕ್ಕ ಸರಿಹೋಗುತ್ತದೆ. ಆ ನೀರು ಬಿಟ್ಟರೆ ಸಕ್ಕರೆ ಸರಿಯಾಗಿ ಕರಗುವುದಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಇನ್ನೂ ಜಾಸ್ತಿ ಇರಬಹುದು, ಚೆನ್ನಾಗಿ ಹಿಂಡಿ ಬಳಸಿ.

ಬಿಸಿಯಿರುವಾಗಲೇ ಕತ್ತರಿಸಲು ಹೋದರೆ ಬ್ರೌನಿ ಮುದ್ದೆಯಾಗುತ್ತದೆ. ಪೂರ್ತಿ ಆರಲಿ. ಆಮೇಲೆ ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿದರೆ ಅಂಚು ನೇರವಾಗಿ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಹೊರಗೆ ಮೂರು ದಿನ ಇರುತ್ತದೆ. ಮೊಸರು ಹಾಕಿದ್ದಾದರೆ ಎರಡನೇ ದಿನದಿಂದ ಫ್ರಿಜ್‌ಗೆ ಇಡಿ, ತಿನ್ನುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ.